ನಾಯಿಮರಿ ಮನೆಗೆ ಬಂತು, ಈಗೇನು? ಮೊದಲ ಮೂರು ತಿಂಗಳ ಸಮಗ್ರ ಮಾರ್ಗದರ್ಶಿ

ಬುಗುರಿ ನಮ್ಮ ಮನೆಗೆ ಬಂದ ಮೂರನೇ ದಿನದ ಮಾತು. ಮಾವ ಅದಕ್ಕೆ ‘ಕೂರು’ ಅನ್ನುತ್ತಿದ್ದರು. ಮಗ ‘ಸಿಟ್’ ಅನ್ನುತ್ತಿದ್ದ. ಅತ್ತೆ ‘ಕೂತ್ಕೊ ಕಂದಾ, ಕೂತ್ಕೊ’ ಎಂದು ಬೆನ್ನು ಸವರುತ್ತಿದ್ದರು. ಯಜಮಾನರು ಏನೂ ಹೇಳದೆ ಚಪಾತಿ ಚೂರು ಎಸೆಯುತ್ತಿದ್ದರು. ಮರಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಚಪಾತಿ ಬಿದ್ದ ಕಡೆ ಓಡುತ್ತಿತ್ತು. ಅದರ ತಪ್ಪೇನಿದೆ, ಅಲ್ವಾ?

ಮರಿಗೆ ಕೂರುವುದನ್ನು ಕಲಿಸಲು ನಮಗೆ ನಾಲ್ಕು ದಿನ ಸಾಕಾಯಿತು. ಮನೆಯವರನ್ನೆಲ್ಲ ಒಂದೇ ಮಾತಿಗೆ ತರಲು ಎರಡು ತಿಂಗಳು ಹಿಡಿಯಿತು. ಹಾಗಾಗಿ ಈ ಬರಹದಲ್ಲಿ ಅರ್ಧ ಪಾಠ ಮರಿಗೆ, ಅರ್ಧ ಪಾಠ ಮನೆಯವರಿಗೆ. ನಮ್ಮದು ಕುವೆಂಪುನಗರದ ನೆಲಮಹಡಿ ಮನೆ. ಹಿಂದೆ ಒಂದು ತೆಂಗಿನಮರ ನಿಲ್ಲುವಷ್ಟು ಜಾಗ ಇದೆ. ಬುಗುರಿ ಬೀದಿನಾಯಿಯ ಮರಿ, ಆಷಾಢದ ಮಳೆಯಲ್ಲಿ ಬಂದದ್ದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಅಲ್ಲಲ್ಲಿ ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ.

ಮೊದಲು ಮನೆಯೊಳಗೊಂದು ಪಂಚಾಯ್ತಿ

ಮರಿ ಬರುವ ಹಿಂದಿನ ಭಾನುವಾರ, ಕಾಫಿ ಹೊತ್ತಿಗೆ ಎಲ್ಲರನ್ನೂ ಕೂರಿಸಿ. ಮರಿ ಎಲ್ಲಿಗೆಲ್ಲ ಹೋಗಬಹುದು? ದೇವರಮನೆಗೆ ಬೇಡ, ಸರಿ. ಅಡುಗೆಮನೆಗೆ? ಮಂಚದ ಮೇಲೆ? ಮಡಿ ಮಾಡುವ ಹಿರಿಯರಿದ್ದರೆ ಈ ಮಾತು ಈಗಲೇ ಮುಗಿಯಲಿ. ಮರಿ ಬಂದು ಹದಿನೈದು ದಿನಕ್ಕೆ ಜಗಳ ಶುರುವಾಗುವುದು ಇಲ್ಲೇ. ಇವತ್ತು ಮುದ್ದು ಅಂತ ಮಂಚಕ್ಕೆ ಹತ್ತಿಸಿ, ಆರು ತಿಂಗಳಾದ ಮೇಲೆ 15 ಕೆ.ಜಿ. ನಾಯಿಯನ್ನು ‘ಇಳಿ’ ಎಂದು ಗದರಿದರೆ ಅದಕ್ಕೆ ಏನು ಅರ್ಥವಾಗಬೇಕು?

ರಾತ್ರಿ ಯಾರು ಏಳುತ್ತಾರೆ, ಬೆಳಿಗ್ಗೆ ಊಟ ಯಾರು ಹಾಕುತ್ತಾರೆ ಎನ್ನುವುದೂ ಈಗಲೇ ಗೊತ್ತಾಗಲಿ. ‘ಎಲ್ಲರೂ ನೋಡ್ಕೊಳ್ಳೋಣ’ ಅಂದರೆ ಕೊನೆಗೆ ಒಬ್ಬರೇ ನೋಡಿಕೊಳ್ಳುತ್ತಾರೆ. ಆ ಒಬ್ಬರು ಯಾರು ಅಂತ ಮನೆಮನೆಯ ಹೆಂಗಸರಿಗೂ ಗೊತ್ತು.

ಇನ್ನು ಮಾತುಗಳು. ಮೂರು ನಾಲ್ಕು ಪದ ಆರಿಸಿ, ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕನ್ನಡವೋ ಇಂಗ್ಲಿಷೋ ಮರಿಗೆ ಎಲ್ಲ ಒಂದೇ. ಎಲ್ಲರ ಬಾಯಲ್ಲೂ ಅದೇ ಪದ ಬರಬೇಕು, ಅಷ್ಟೆ. ನಮ್ಮ ಚೀಟಿಯಲ್ಲಿ ಉಳಿದದ್ದು ‘ಬಾ’, ‘ಕೂತ್ಕೋ’, ‘ಬಿಡು’. ‘ಬೇಡ’ವನ್ನು ಕೈಬಿಟ್ಟೆವು, ‘ಬಿಡು’ ಜೊತೆ ಕಲೆಸಿಹೋಗುತ್ತಿತ್ತು. ಹೆಸರನ್ನೂ ‘ಬ’ದಿಂದಲೇ ಇಟ್ಟದ್ದು ನನ್ನ ಪೆದ್ದತನ. ನೀವು ಬೇರೆ ಅಕ್ಷರ ನೋಡಿ.

ಯಾವ ಮರಿ, ಎಷ್ಟು ದಿನದ್ದು?

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ಸಾಕಣೆ ನಿಯಮಗಳ ಪ್ರಕಾರವೂ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ ಅದು ‘ಇಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ’ ಎಂದು ಕಲಿಯುವುದು. ಬೇಗ ಬಿಡಿಸಿ ತಂದರೆ ಆ ಪಾಠವನ್ನು ನಿಮ್ಮ ಕೈಬೆರಳಿನ ಮೇಲೆ ಕಲಿಯುತ್ತದೆ.

ತಳಿಯ ಬಗ್ಗೆ ಒಂದೇ ಮಾತು. ಹಸ್ಕಿ ಹಿಮದ ನಾಡಿನದು, ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಅದನ್ನು ಸಾಕುವುದು ಅದಕ್ಕೆ ಶಿಕ್ಷೆ. ಮುಧೋಳ ನಮ್ಮದೇ ನಾಡಿನದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಅದು ಓಡಿ ಬೇಟೆಯಾಡುವ ನಾಯಿ, 30-40 ಸೈಟಿನ ಮನೆಯಲ್ಲಿ ಕಟ್ಟಿಹಾಕುವಂಥದ್ದಲ್ಲ. ಬೀದಿನಾಯಿಯ ಮರಿಗೆ ಈ ಹವೆ ಹುಟ್ಟಿನಿಂದಲೇ ಒಗ್ಗಿರುತ್ತದೆ. ನನ್ನ ಪಕ್ಷಪಾತ ಗೊತ್ತಾಯಿತಲ್ಲ.

ಮನೆಯನ್ನು ಮೊಣಕಾಲೂರಿ ನೋಡಿ

ಮರಿ ಎತ್ತರಕ್ಕೆ ಇಳಿದು, ನೆಲದ ಮೇಲೆ ತೆವಳಿಕೊಂಡು ಒಂದು ಸುತ್ತು ಹಾಕಿ. ನಗು ಬರುತ್ತದೆ, ಆದರೂ ಮಾಡಿ. ಮೊಬೈಲ್ ಚಾರ್ಜರ್ ವೈರು, ಸೋಫಾ ಕೆಳಗೆ ಬಿದ್ದ ಮಾತ್ರೆ, ಮಗನ ರಬ್ಬರ್, ಅತ್ತೆಯ ಹೇರ್‌ಪಿನ್ನು ಎಲ್ಲ ಕಾಣುತ್ತವೆ. ಬಟ್ಟೆ ಬೀರುವಿನ, ವಾಶ್‌ಬೇಸಿನ್ನಿನ ನುಸಿಗುಳಿಗೆ ತೆಗೆಯಿರಿ, ಅದು ಮರಿಗೆ ವಿಷ. ಇಲಿಪಾಷಾಣ ಇಟ್ಟಿದ್ದರೆ ಎಲ್ಲೆಲ್ಲಿ ಇಟ್ಟಿರಿ ಎಂದು ನೆನಪು ಮಾಡಿಕೊಂಡು ಪ್ರತಿ ಚೂರನ್ನೂ ಎತ್ತಿ ಬಿಸಾಡಿ.

ಅಂಗಳದಲ್ಲಿ ಪೂಜೆಗೆಂದು ಕಣಗಿಲೆ ಬೆಳೆಸಿರುತ್ತೇವೆ. ಅದರ ಹೂವು, ಎಲೆ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಕಡಿದು ಹಾಕಲು ಮನಸ್ಸು ಬಾರದಿದ್ದರೆ ಸುತ್ತ ಜಾಲರಿ ಹಾಕಿ, ಉದುರಿದ ಎಲೆಯನ್ನು ದಿನಾ ಗುಡಿಸಿ. ಸಂಪಿನ ಮುಚ್ಚಳ ಭದ್ರವಾಗಿದೆಯೇ ನೋಡಿ. ಗೇಟಿನ ಸರಳುಗಳ ನಡುವೆ ನಿಮ್ಮ ಮುಷ್ಟಿ ತೂರಿದರೆ ಎಂಟು ವಾರದ ಮರಿಯೂ ತೂರೀತು. ಕೆಳಗೆ ಒಂದಡಿ ಎತ್ತರಕ್ಕೆ ತಂತಿಬಲೆ ಕಟ್ಟಿ.

ಗ್ರಾನೈಟ್, ಮೊಸಾಯಿಕ್ ನೆಲದ ಮೇಲೆ ಮರಿಯ ಕಾಲು ಜಾರುತ್ತದೆ. ಅದು ಓಡಾಡುವ ದಾರಿಗೆ ಹಳೇ ಚಾಪೆ, ಗೋಣಿತಾಟು ಹಾಸಿ. ಇದರಾಚೆ ದೊಡ್ಡ ಖರ್ಚೇನೂ ಬೇಡ. ಊಟಕ್ಕೆ, ನೀರಿಗೆ ಸ್ಟೀಲ್ ಬಟ್ಟಲು, ಹಗುರವಾದ ಬಟ್ಟೆಯ ಬೆಲ್ಟು, ಕಡಿಯಲು ಎರಡು ರಬ್ಬರ್ ಆಟಿಕೆ. ಮಲಗಲು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ, ಒಳಗೆ ಹಳೇ ಕಾಟನ್ ಸೀರೆ ಮಡಿಸಿಡಿ. ಕಬ್ಬಿಣದ ಚೈನು ಮಾತ್ರ ಬೇಡವೇ ಬೇಡ.

ಮೊದಲ ದಿನ, ಮೊದಲ ರಾತ್ರಿ

ಸಾಧ್ಯವಾದರೆ ಬೆಳಿಗ್ಗೆಯೇ ಕರೆತನ್ನಿ. ರಾತ್ರಿಯಾಗುವ ಹೊತ್ತಿಗೆ ಮನೆಯ ವಾಸನೆ ಒಂದಿಷ್ಟು ಪರಿಚಯವಾಗಿರುತ್ತದೆ. ಬರುವಾಗ ತಾಯಿ ಮಲಗಿದ್ದ ಜಾಗದಲ್ಲಿ ಉಜ್ಜಿದ ಒಂದು ಬಟ್ಟೆ ತನ್ನಿ. ಅದಕ್ಕಿಂತ ಒಳ್ಳೆಯ ಹಾಸಿಗೆ ಆ ಮರಿಗೆ ಇಲ್ಲ.

ಗೇಟು ದಾಟಿದ ಕೂಡಲೇ ಹಜಾರಕ್ಕೆ ಒಯ್ಯಬೇಡಿ. ಹಿತ್ತಲಲ್ಲಿ ನೀವು ಗುರುತು ಮಾಡಿದ ಜಾಗದಲ್ಲಿ ಇಳಿಸಿ, ಒಂದಕ್ಕೆ ಆಗುವವರೆಗೆ ಕಾಯಿರಿ. ಆಮೇಲೆ ಒಳಗೆ. ಅದೂ ಒಂದೇ ಕೋಣೆಗೆ. ಇಡೀ ಮನೆ ಒಂದೇ ದಿನ ತೋರಿಸಿದರೆ ಅದಕ್ಕೆ ತಲೆ ಕೆಡುತ್ತದೆ.

ಅಕ್ಕಪಕ್ಕದವರು ‘ಮರಿ ತಂದ್ರಂತೆ’ ಎಂದು ಬರುತ್ತಾರೆ. ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಮೊದಲ ಮೂರು ದಿನ ಬಾಗಿಲಲ್ಲೇ ನಕ್ಕು ಕಳಿಸಿ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಗೂ ಹೆಚ್ಚು ನಿದ್ದೆ ಮಾಡಬೇಕು. ಸಂಜೆ ಹೊತ್ತು ಹುಚ್ಚು ಹಿಡಿದಂತೆ ಓಡಿ ಕಚ್ಚುವ ಮರಿಗೆ ಸಾಮಾನ್ಯವಾಗಿ ಬೇಕಾಗಿರುವುದು ನಿದ್ದೆ. ಮನೆಯವರು ಮಾತ್ರ ‘ಇದಕ್ಕೆ ಆಟ ಸಾಲ್ತಿಲ್ಲ’ ಅಂತ ಇನ್ನಷ್ಟು ಕುಣಿಸುತ್ತಾರೆ.

ರಾತ್ರಿ ಅಳುತ್ತದೆ. ಎಲ್ಲ ಮರಿಗಳೂ ಅಳುತ್ತವೆ. ಹುಟ್ಟಿದಾಗಿನಿಂದ ಐದಾರು ಮೈಗಳ ನಡುವೆ ಮಲಗಿದ್ದು, ಇವತ್ತು ಒಂಟಿ. ‘ಅಳಲಿ ಬಿಡು, ತಾನೇ ಸುಮ್ಮನಾಗುತ್ತೆ’ ಎಂದು ಮಾವ ವರಾಂಡದಲ್ಲಿ ಬಿಡಲು ಹೇಳಿದರು. ನಾನು ಒಪ್ಪಲಿಲ್ಲ. ಪೆಟ್ಟಿಗೆಯನ್ನು ನನ್ನ ಹಾಸಿಗೆ ಪಕ್ಕದಲ್ಲೇ, ಕೈಚಾಚಿದರೆ ಸಿಗುವ ಹಾಗೆ ಇಟ್ಟುಕೊಂಡೆ. ಬಾಟಲಿಗೆ ಉಗುರುಬೆಚ್ಚಗಿನ ನೀರು ತುಂಬಿ ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟೆ. ಅತ್ತಾಗ ಕೈ ಇಟ್ಟರೆ ಸಾಕಾಗುತ್ತಿತ್ತು. ಎತ್ತಿಕೊಂಡು ಆಡಿಸಲಿಲ್ಲ. ನಾಲ್ಕನೇ ರಾತ್ರಿಗೆ ಅಳು ನಿಂತಿತು. ಆಮೇಲೆ ವಾರಕ್ಕೊಂದಿಷ್ಟು ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಸರಿಸುತ್ತ ಹೋದೆ. ಈಗ ಅದು ಮಲಗುವುದು ಹಜಾರದಲ್ಲಿ.

ಮಧ್ಯರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಹೊರಗೆ ಒಯ್ಯಲೇಬೇಕು. ಅಲಾರಂ ಇಟ್ಟುಕೊಳ್ಳಿ. ದೊಡ್ಡ ಲೈಟು ಹಾಕಬೇಡಿ, ಮಾತಾಡಬೇಡಿ. ಒಂದಕ್ಕೆ ಆಯಿತು, ಒಳಗೆ ಬಂತು, ಮಲಗಿತು. ರಾತ್ರಿ ಆಟವಿಲ್ಲ ಎಂದು ಅದಕ್ಕೆ ಬೇಗ ಗೊತ್ತಾಗುತ್ತದೆ.

ಒಂದಕ್ಕೆ, ಎರಡಕ್ಕೆ

ಇದೇ ದೊಡ್ಡ ತಲೆನೋವು. ಇಲ್ಲಿ ತಾಳ್ಮೆ ಕಳೆದುಕೊಂಡವರೇ ಮರಿಯನ್ನು ವಾಪಸ್ ಕೊಡುವುದು, ಇಲ್ಲವೇ ರಸ್ತೆಗೆ ಬಿಡುವುದು.

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ. ಹಗಲಲ್ಲಿ ಅದು ತಡೆದುಕೊಳ್ಳಬಲ್ಲ ಹೆಚ್ಚೆಂದರೆ ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಸುಮ್ಮನೆ ಮಲಗಿದ್ದಾಗಿನ ಲೆಕ್ಕ. ಎಚ್ಚರವಾಗಿ ಆಡುತ್ತಿದ್ದರೆ ಅರ್ಧ ಗಂಟೆಗೇ ಬಂದುಬಿಡುತ್ತದೆ. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಹತ್ತು ಹದಿನೈದು ನಿಮಿಷಕ್ಕೆ, ಆಟದ ನಡುವೆ, ಮಲಗುವ ಮೊದಲು ಹೊರಗೆ ಒಯ್ಯಿರಿ. ಮೊದಲ ಎರಡು ವಾರ ನಾನು ದಿನಕ್ಕೆ ಹನ್ನೆರಡು ಸಲ ಹಿತ್ತಲಿಗೆ ಹೋಗಿದ್ದೇನೆ. ಜಡಿಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮರಿ.

ದಿನಾ ಅದೇ ಜಾಗ. ನಮ್ಮದು ತೆಂಗಿನಮರದ ಬುಡ. ಅಲ್ಲಿ ಇಳಿಸಿ ‘ಹೋಗು ಒಂದಕ್ಕೆ’ ಎಂದು ಒಮ್ಮೆ ಹೇಳಿ ಸುಮ್ಮನೆ ನಿಲ್ಲಿ. ಮುಗಿದ ಕೂಡಲೇ, ಒಂದೆರಡು ಸೆಕೆಂಡಿನೊಳಗೆ, ಅಲ್ಲೇ ಹೊಗಳಿ ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ‘ಒಳಗೆ ಬಂದದ್ದಕ್ಕೆ ಕೊಟ್ಟರು’ ಎಂದು ತಿಳಿಯುತ್ತದೆ. ಬಹಳ ಜನ ತಪ್ಪುವುದು ಈ ಜಾಗದಲ್ಲೇ.

ಒಳಗಿರುವಾಗ ಕಣ್ಣಳತೆಯಲ್ಲೇ ಇರಲಿ. ಮೂಸುತ್ತ ಸುತ್ತು ಹೊಡೆದರೆ, ಆಟ ಬಿಟ್ಟು ಮೂಲೆಗೆ ಹೋದರೆ ಎತ್ತಿಕೊಂಡು ಹೊರಗೆ ಓಡಿ. ನೋಡಿಕೊಳ್ಳಲು ಆಗದಷ್ಟು ಕೆಲಸವಿದ್ದಾಗ ಪೆಟ್ಟಿಗೆಯ ಸುತ್ತ ಸಣ್ಣ ಕಟಕಟೆ ಮಾಡಿ ಅದರೊಳಗೆ ಬಿಡಿ.

ಒಳಗೆ ಮಾಡಿಬಿಟ್ಟಿತೆ? ಮಾಡುತ್ತದೆ. ಮೂತಿ ಹಿಡಿದು ಅದರಲ್ಲಿ ಉಜ್ಜುವುದು, ಪೇಪರ್ ಸುತ್ತಿ ಹೊಡೆಯುವುದು ನಮ್ಮ ಕಡೆ ಈಗಲೂ ಇದೆ. ಅದರಿಂದ ಮರಿ ಕಲಿಯುವುದು ಒಂದೇ: ಇವರ ಎದುರು ಮಾಡಬಾರದು, ಮಂಚದ ಕೆಳಗೆ ಹೋಗಿ ಮಾಡಬೇಕು. ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಚಪ್ಪಾಳೆ ತಟ್ಟಿ ಎತ್ತಿಕೊಂಡು ಹೊರಗೆ ಹೋಗಿ. ಆಮೇಲೆ ಕಂಡರೆ ಬಾಯಿ ಮುಚ್ಚಿಕೊಂಡು ಒರೆಸಿ.

ಒರೆಸುವುದಕ್ಕೆ ಫಿನಾಯಿಲ್ ಬೇಡ. ಮರಿ ಒದ್ದೆ ನೆಲದ ಮೇಲೆ ನಡೆದು ಕಾಲು ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಅಮೋನಿಯಾ ಇರುವ ಕ್ಲೀನರ್‌ಗಳ ವಾಸನೆ ಉಚ್ಚೆಯನ್ನೇ ಹೋಲುತ್ತದೆ, ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಬಟ್ಟೆಯಲ್ಲಿ ಹೀರಿಸಿ, ವಿನೆಗರ್ ಬೆರೆಸಿದ ನೀರಿನಲ್ಲಿ ಎರಡು ಸಲ ಒರೆಸಿ.

ನ್ಯೂಸ್‌ಪೇಪರ್ ಹಾಸಿ ಅಭ್ಯಾಸ ಮಾಡಿಸಲು ಕೆಲವರು ಹೇಳುತ್ತಾರೆ. ನಾವೂ ಒಂದು ವಾರ ಮಾಡಿದೆವು. ಮಾವ ಬೆಳಿಗ್ಗೆ ಪೇಪರ್ ನೆಲದ ಮೇಲೆ ಹರಡಿಕೊಂಡು ಓದುವವರು. ಒಂದು ದಿನ ಮುಖಪುಟ ಓದಿ ಮುಗಿಸುವ ಮೊದಲೇ ಬುಗುರಿ ತನ್ನ ಅಭಿಪ್ರಾಯ ತಿಳಿಸಿತು. ಮೂರನೇ ಮಹಡಿಯಲ್ಲಿ ಇರುವವರಿಗೆ ಬೇರೆ ದಾರಿ ಇಲ್ಲದಿದ್ದರೆ, ಬಾಲ್ಕನಿಯಲ್ಲಿ ಒಂದು ಟ್ರೇಗೆ ಮಣ್ಣು ಹಾಕಿ ಗರಿಕೆ ಬೆಳೆಸಿ. ಮುಂದೆ ರಸ್ತೆಯ ಹುಲ್ಲಿಗೆ ಬದಲಾಯಿಸುವುದು ಸುಲಭ.

ಊಟ

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಹೊತ್ತಿಗೆ ಸರಿಯಾಗಿ ಹಾಕಿ, ಕಾಲು ಗಂಟೆ ಬಿಟ್ಟು ಬಟ್ಟಲು ಎತ್ತಿಬಿಡಿ. ಊಟ ಹೊತ್ತಿಗೆ ಆದರೆ ಎರಡಕ್ಕೂ ಹೊತ್ತಿಗೇ ಆಗುತ್ತದೆ. ಮರಿ ಮೊದಲು ಏನು ತಿನ್ನುತ್ತಿತ್ತೋ ಅದನ್ನೇ ಕೆಲವು ದಿನ ಕೊಟ್ಟು, ಹೊಸದನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ.

ಹಾಲನ್ನ, ಮೊಸರನ್ನ ಹಾಕಿಯೇ ನಾಯಿ ಸಾಕಿದ ಮನೆಗಳು ನಮ್ಮವು. ಹಸುವಿನ ಹಾಲು ಬಹಳ ಮರಿಗಳಿಗೆ ಆಗುವುದಿಲ್ಲ, ಭೇದಿಯಾಗುತ್ತದೆ. ಮೊಸರು ಪರವಾಗಿಲ್ಲ. ಆದರೆ ಬೆಳೆಯುವ ಮರಿಗೆ ಅನ್ನ-ಮೊಸರಿನಲ್ಲಿ ಪ್ರೋಟೀನೂ ಸಾಲದು, ಕ್ಯಾಲ್ಸಿಯಮ್ಮೂ ಸಾಲದು, ಕಾಲು ಬಿಲ್ಲಿನಂತೆ ಬಾಗುತ್ತದೆ. ಬರೀ ಮಾಂಸ ಹಾಕಿದರೂ ಅದೇ ಪಾಡು. ಮೊದಲ ವರ್ಷವಾದರೂ ಮರಿಗೆಂದೇ ಮಾಡಿದ ಆಹಾರ ಕೊಡುವುದು ಒಳ್ಳೆಯದು. ಅದರ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಕುಂಬಳಕಾಯಿ, ಕ್ಯಾರೆಟ್ ಬೆರೆಸಬಹುದು. ಉಪ್ಪು, ಒಗ್ಗರಣೆ ಬೇಡ. ಸಸ್ಯಾಹಾರದ ಮನೆಯವರು ಪಶುವೈದ್ಯರ ಹತ್ತಿರ ಕೂತು ಮರಿಯ ಊಟದ ಪಟ್ಟಿ ಬರೆಸಿಕೊಳ್ಳಿ. ಕ್ಯಾಲ್ಸಿಯಂ ಟಾನಿಕ್ಕನ್ನು ನಿಮ್ಮಷ್ಟಕ್ಕೆ ಸುರಿಯಬೇಡಿ, ದೊಡ್ಡ ತಳಿಯ ಮರಿಗಳಿಗೆ ಅದು ಜಾಸ್ತಿಯಾದರೂ ಮೂಳೆ ಕೆಡುತ್ತದೆ.

ನಮ್ಮ ಅಡುಗೆಮನೆಯ ಅಪಾಯಗಳನ್ನು ಅತ್ತೆಗೆ ಹೇಳುವುದೇ ಒಂದು ಕೆಲಸವಾಯಿತು. ಪಾಯಸದ, ಕೇಸರಿಭಾತಿನ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಹಸಿ ದ್ರಾಕ್ಷಿಯೂ ಅಷ್ಟೆ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಹಾಗಾಗಿ ಹುಳಿ, ಬಸ್ಸಾರು ಕಲೆಸಿದ ಅನ್ನ ಬೇಡ. ಚಾಕೊಲೇಟ್ ಬೇಡ. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್ ಬಹಳ ಸ್ವಲ್ಪವೇ ತಿಂದರೂ ಅಪಾಯ. ಮೈಸೂರ್‌ಪಾಕು ವಿಷವಲ್ಲ, ಆದರೆ ಅಷ್ಟು ತುಪ್ಪ, ಸಕ್ಕರೆ ಮರಿಯ ಹೊಟ್ಟೆ ತಡೆಯದು. ಬೇಯಿಸಿದ ಮೂಳೆ ಸೀಳಿ ಸೂಜಿಯಾಗುತ್ತದೆ. ಜ್ವರ ಬಂತೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ.

‘ಒಂದೇ ಒಂದು ದ್ರಾಕ್ಷಿ ಕಣಮ್ಮ, ಹೇಗೆ ನೋಡ್ತಿದೆ ನೋಡು ಪಾಪ’ ಎಂದು ಅತ್ತೆ ಅಂದಾಗ ನಾನು ವಾದ ಮಾಡಲಿಲ್ಲ. ಬೇಯಿಸಿದ ಕ್ಯಾರೆಟ್ ಚೂರುಗಳ ಡಬ್ಬಿಯನ್ನು ಅವರ ಕೈಗೇ ಕೊಟ್ಟೆ. ಹಿರಿಯರಿಗೆ ಕೊಡುವ ಖುಷಿ ಬೇಕು, ಏನು ಕೊಡುತ್ತಾರೆ ಎನ್ನುವುದನ್ನು ನಾವು ನೋಡಿಕೊಂಡರೆ ಆಯಿತು.

ಸೂಜಿ, ಜಂತು, ಉಣ್ಣೆ

ಬುಗುರಿಗೂ ಮೊದಲು ನಮ್ಮ ಮನೆಗೆ ಇನ್ನೊಂದು ಮರಿ ಬಂದಿತ್ತು. ಒಂದೇ ಸೂಜಿ ಆಗಿತ್ತು. ಒಂಬತ್ತನೇ ವಾರದಲ್ಲಿ ನಾನೇ ಬಡಾವಣೆಯ ಪಾರ್ಕಿಗೆ ಒಯ್ದು ಹುಲ್ಲಿನ ಮೇಲೆ ಬಿಟ್ಟೆ. ಐದನೇ ದಿನಕ್ಕೆ ವಾಂತಿ, ಆಮೇಲೆ ರಕ್ತಭೇದಿ. ಮೂರು ದಿನ ಡ್ರಿಪ್ ಹಾಕಿಸಿದೆವು. ಉಳಿಯಲಿಲ್ಲ.

ಅದು ಪಾರ್ವೊ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲದು. ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸಿಮೆಂಟ್ ನೆಲ ತೊಳೆದರೆ ಸಾಯುತ್ತದೆ, ಮಣ್ಣಿನಲ್ಲಿ ಅದು ಅಷ್ಟು ಕೆಲಸ ಮಾಡುವುದಿಲ್ಲ. ನಾವು ಒಂದು ವರ್ಷಕ್ಕೂ ಹೆಚ್ಚು ಕಾದು ಬುಗುರಿಯನ್ನು ತಂದೆವು.

ಸಾಮಾನ್ಯವಾಗಿ ಮೊದಲ ಸೂಜಿ ಆರರಿಂದ ಎಂಟು ವಾರಕ್ಕೆ. ಅದರಲ್ಲಿ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಎಲ್ಲಕ್ಕೂ ರಕ್ಷಣೆ ಇರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತ 16 ವಾರ ತುಂಬುವವರೆಗೆ ಹೋಗಬೇಕು. ತಾಯಿಹಾಲಿನಿಂದ ಬಂದ ಶಕ್ತಿ ಮೊದಮೊದಲ ಸೂಜಿಯ ಕೆಲಸಕ್ಕೆ ಅಡ್ಡ ಬರುತ್ತದೆ, ಅದಕ್ಕೇ ಇಷ್ಟು ಸಲ. ರೇಬಿಸ್ ಸೂಜಿ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಜಂತಿನ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಕಾರ್ಡು ಜೋಪಾನವಾಗಿಡಿ.

ರೇಬಿಸ್ ಸೂಜಿ ಆಗದ ಮರಿ ಆಟದಲ್ಲಿ ಪರಚಿ ರಕ್ತ ಬಂದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ‘ಮರಿ ತಾನೇ’ ಅನ್ನಬೇಡಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ.

ನಮ್ಮ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದಿರುತ್ತದೆ. ಅಂಥ ಪೊದೆಗಳಲ್ಲೂ, ಗೋಡೆಯ ಸಂದುಗಳಲ್ಲೂ ಉಣ್ಣೆ ಇರುತ್ತವೆ. ದಿನಾ ರಾತ್ರಿ ಕಿವಿಯೊಳಗೆ, ಬೆರಳ ಸಂದಿನಲ್ಲಿ ನೋಡಿ. ಸೀಮೆಎಣ್ಣೆ ಹಚ್ಚಬೇಡಿ, ಚಿಮುಟದಿಂದ ನೇರವಾಗಿ ಎಳೆದು ತೆಗೆಯಿರಿ. ಊಟ ಬಿಟ್ಟು ಮಂಕಾಗಿ ಮಲಗಿ, ವಸಡು ಬಿಳಿಚಿಕೊಂಡರೆ ಉಣ್ಣೆಜ್ವರ ಇರಬಹುದು, ಅದೇ ದಿನ ಆಸ್ಪತ್ರೆಗೆ.

ಸೂಜಿ ಮುಗಿಯುವವರೆಗೆ ಊರು ತೋರಿಸುವುದು ಹೇಗೆ?

ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ಸಹಜವಾಗುತ್ತದೆ. ಆಮೇಲೆ ಹೊಸದೆಲ್ಲ ಅನುಮಾನ. ಸೂಜಿ ಮುಗಿಯುವುದು 16 ವಾರಕ್ಕೆ. ಹಾಗಂತ ಅಲ್ಲಿಯವರೆಗೆ ಮನೆಯೊಳಗೇ ಕೂಡಿಹಾಕಿದರೆ ಹೆದರುಪುಕ್ಕ ನಾಯಿಯಾಗುತ್ತದೆ.

ಉಪಾಯ ಸುಲಭ. ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ನೆಲಕ್ಕೆ ಇಳಿಸಬೇಡಿ. ಬೀದಿನಾಯಿಗಳು ಮೂಸಲು ಬಿಡಬೇಡಿ. ನಾವು ಬುಗುರಿಯನ್ನು ಬಟ್ಟೆ ಚೀಲದಲ್ಲಿ ತಲೆ ಹೊರಗೆ ಮಾಡಿ ಆಟೋದಲ್ಲಿ ಕರೆದೊಯ್ದೆವು. ದೇವರಾಜ ಮಾರುಕಟ್ಟೆ ಎದುರು ಹತ್ತು ನಿಮಿಷ ನಿಂತೆವು. ಹೂವಿನ ಬುಟ್ಟಿ ಹೊತ್ತವರು, ಬಸ್ಸಿನ ಹಾರನ್ನು, ಟಾಂಗಾ ಕುದುರೆ. ಕುದುರೆ ಕಂಡಾಗ ಚೀಲದೊಳಗೆ ಮುಳುಗಿತು. ಹತ್ತಿರ ಒಯ್ಯಲಿಲ್ಲ. ದೂರದಲ್ಲೇ ನಿಂತು ಕೋಳಿ ಚೂರು ಕೊಟ್ಟೆ, ಮತ್ತೆ ತಲೆ ಮೇಲೆ ಬಂತು. ಹೆದರಿದರೆ ದೂರ ಮಾಡಿ, ತಿನ್ನುವಷ್ಟು ಧೈರ್ಯ ಬಂದರೆ ಅದೇ ಸರಿಯಾದ ದೂರ.

ಹೆಲ್ಮೆಟ್ ಹಾಕಿದವರು, ಬುರ್ಖಾ ತೊಟ್ಟವರು, ಕೋಲು ಊರಿದ ತಾತಂದಿರು, ಕೊಡೆ, ಹಸು, ಕುಕ್ಕರ್ ಸೀಟಿ, ಮಿಕ್ಸಿ, ಮಂಗಳಾರತಿ ಗಂಟೆ, ಎಲ್ಲದರ ಪರಿಚಯ ಈ ವಾರಗಳಲ್ಲೇ ಆಗಲಿ. ಇನ್ನೊಂದು ಮಾತು: ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡಬೇಡಿ. ಹೆದರಿ ಬೊಗಳುವ ನಾಯಿ ಚೆನ್ನಾಗಿಯೇ ಕಚ್ಚುತ್ತದೆ.

ಕಚ್ಚಾಟ

ಮರಿಗೆ 28 ಹಾಲುಹಲ್ಲು. ನಾಲ್ಕನೇ ತಿಂಗಳಿನಿಂದ ಅವು ಬೀಳುತ್ತ, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬರುತ್ತವೆ. ವಸಡು ತುರಿಸುತ್ತದೆ, ಸಿಕ್ಕಿದ್ದೆಲ್ಲ ಕಡಿಯುತ್ತದೆ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ, ತಣ್ಣನೆಯ ಇಡೀ ಕ್ಯಾರೆಟ್ ಕೊಡಿ. ತೆಂಗಿನಕಾಯಿಯ ಚಿಪ್ಪು, ನಾರು ಬೇಡ, ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಚಪ್ಪಲಿಗಳನ್ನು ಮೇಲಿಡಿ. ಹಳೇ ಚಪ್ಪಲಿ ಆಟಕ್ಕೆ ಕೊಟ್ಟರೆ ಹೊಸದೂ ತನ್ನದೇ ಅಂದುಕೊಳ್ಳುತ್ತದೆ.

ಕೈ ಕಚ್ಚಿದರೆ ಕೂಗಾಡಬೇಡಿ, ಕೈ ಎಳೆದುಕೊಳ್ಳಬೇಡಿ. ಎಳೆದರೆ ಅದು ಆಟ. ಎದ್ದು ನಿಂತು ಮುಖ ತಿರುಗಿಸಿ, 20 ಸೆಕೆಂಡು. ಮತ್ತೆ ಕೂತು ಆಟಿಕೆ ಕೊಡಿ. ಮತ್ತೆ ಕಚ್ಚಿದರೆ ಮತ್ತೆ ಎದ್ದುಬಿಡಿ. ಬುಗುರಿಗೆ ಅತ್ತೆಯ ಸೀರೆ ನೆರಿಗೆ ಅಂದರೆ ಪ್ರಾಣ. ಅವರು ‘ಅಯ್ಯಯ್ಯೋ’ ಎಂದು ಓಡಿದಷ್ಟೂ ಜೋತುಬಿದ್ದು ಹಿಂದೆ ಹೋಗುತ್ತಿತ್ತು. ‘ಅತ್ತೆ, ಕಂಬದ ಹಾಗೆ ನಿಂತುಬಿಡಿ’ ಎಂದೆ. ನಿಂತರು. ಮೂರೇ ದಿನಕ್ಕೆ ಅದಕ್ಕೆ ಬೇಸರವಾಯಿತು.

ಮೂರು ಮಾತಿನ ಪಾಠ

ಒಮ್ಮೆಗೆ ಮೂರು ನಿಮಿಷ, ದಿನಕ್ಕೆ ನಾಲ್ಕು ಸಲ, ಊಟಕ್ಕೆ ಮೊದಲು. ತಿಂಡಿ ಕಡಲೆಕಾಳಿನಷ್ಟೇ ಇರಲಿ.

‘ಕೂತ್ಕೋ’: ತಿಂಡಿಯನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ. ತಲೆ ಮೇಲೆದ್ದರೆ ಕುಂಡಿ ತಾನೇ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕ್ಷಣಕ್ಕೆ ತಿಂಡಿ. ಐದಾರು ಸಲವಾದ ಮೇಲೆ, ಕೈ ಎತ್ತುವ ಮೊದಲು ಪದ ಹೇಳಿ. ಒಂದೇ ಸಲ ಹೇಳಿ. ‘ಕೂತ್ಕೋ ಕೂತ್ಕೋ ಕೂತ್ಕೋ’ ಎಂದರೆ ಮೂರನೆಯದಕ್ಕೆ ಕೂರುವುದನ್ನು ಕಲಿಯುತ್ತದೆ.

‘ಬಾ’: ಇದು ಮುಂದೊಂದು ದಿನ ರಸ್ತೆಯಲ್ಲಿ ಅದರ ಪ್ರಾಣ ಉಳಿಸುವ ಪದ. ಇಬ್ಬರು ಹಜಾರದ ಎರಡು ತುದಿಯಲ್ಲಿ ಕೂತು ಒಬ್ಬರಾದ ಮೇಲೆ ಒಬ್ಬರು ಕರೆಯಿರಿ. ಬಂದಾಗೆಲ್ಲ ಹಬ್ಬ ಮಾಡಿ. ಬೈಯುವುದಕ್ಕೆ, ಸ್ನಾನಕ್ಕೆ, ಔಷಧಿಗೆ ‘ಬಾ’ ಎಂದು ಕರೆಯಲೇಬೇಡಿ. ಹೋಗಿ ಎತ್ತಿಕೊಂಡು ಬನ್ನಿ.

‘ಬಿಡು’: ಮುಷ್ಟಿಯಲ್ಲಿ ತಿಂಡಿ ಮುಚ್ಚಿ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ನೆ ಇರಿ. ಮೂತಿ ಹಿಂದೆ ತೆಗೆದ ಕ್ಷಣ ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಬಿಟ್ಟರೆ ಲಾಭ ಎಂದು ಗೊತ್ತಾದ ಮೇಲೆ ಪದ ಸೇರಿಸಿ. ಬಾಯಲ್ಲಿರುವುದನ್ನು ಬಲವಂತವಾಗಿ ಕಿತ್ತುಕೊಂಡರೆ ಮುಂದಿನ ಸಲ ನುಂಗಿಬಿಡುತ್ತದೆ.

ಒಂಟಿಯಾಗಿರುವುದನ್ನೂ ಕಲಿಸಬೇಕು. ಒಂದು ನಿಮಿಷ ಬಾಗಿಲಾಚೆ ಹೋಗಿ ಬನ್ನಿ, ಆಮೇಲೆ ಐದು, ಆಮೇಲೆ ಅರ್ಧ ಗಂಟೆ. ಹೋಗುವಾಗ ಬರುವಾಗ ದೊಡ್ಡ ಸಂಭ್ರಮ ಬೇಡ.

ತೋಪು, ಪಟಾಕಿ

ಮೈಸೂರಿನವರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಿಲ್ಲ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತದೆ. ಅವತ್ತು ಬೆದರಬಾರದೆಂದು ಅದಕ್ಕೂ ಮೊದಲೇ ಆನೆ, ಕುದುರೆಗಳನ್ನು ನಿಲ್ಲಿಸಿ ಹಲವು ಸಲ ತೋಪಿನ ತಾಲೀಮು ನಡೆಸುತ್ತಾರೆ. ಆನೆಗೇ ತಾಲೀಮು ಬೇಕಾದರೆ ಅಂಗೈಯಗಲದ ಮರಿಗೆ ಬೇಡವೇ?

ದಸರಾಕ್ಕೆ ಆರೇಳು ವಾರ ಇರುವಾಗಲೇ ಶುರು ಮಾಡಿ. ಮೊಬೈಲಿನಲ್ಲಿ ಪಟಾಕಿ ಸದ್ದು ಹಾಕಿ, ಕೇಳಿಯೂ ಕೇಳದಷ್ಟು ಸಣ್ಣಗೆ. ಸದ್ದು ಬಂದ ಮೇಲೆ ತಿಂಡಿ, ಸದ್ದು ನಿಂತರೆ ತಿಂಡಿಯೂ ನಿಂತಿತು. ಮೂರು ದಿನಕ್ಕೊಮ್ಮೆ ಒಂದು ಗೀಟು ಜೋರು ಮಾಡಿ. ಕಿವಿ ಹಿಂದಕ್ಕೆ ಮಡಚಿ, ಬಾಲ ಒಳಗೆಳೆದುಕೊಂಡು ತಿನ್ನಲು ಬೇಡವೆಂದರೆ ನೀವು ಅವಸರ ಮಾಡಿದ್ದೀರಿ, ಎರಡು ಗೀಟು ಇಳಿಸಿ. ಆ ವರ್ಷ ಅತ್ತೆ ಟಿವಿಯಲ್ಲಿ ಜಂಬೂಸವಾರಿ ನೋಡುತ್ತಿದ್ದಾಗ ತೋಪು ಹಾರಿತು. ಬುಗುರಿ ಎದ್ದು ಬಂದು ನನ್ನ ಕೈ ನೋಡಿತು, ತಿಂಡಿ ಎಲ್ಲಿ ಅಂತ.

ದಸರಾ ಮುಗಿದು 20 ದಿನಕ್ಕೆ ದೀಪಾವಳಿ. ಅದು ಬೇರೆಯೇ ಕತೆ. ತೋಪಿಗೆ ಹೊತ್ತು ಗೊತ್ತು ಇದೆ, ಪಕ್ಕದ ಬೀದಿಯ ಹುಡುಗರ ಲಕ್ಷ್ಮೀ ಪಟಾಕಿಗೆ ಇಲ್ಲ. ಕತ್ತಲಾಗುವ ಮೊದಲೇ ಸುತ್ತಾಡಿಸಿ, ಊಟ ಹಾಕಿ ಒಳಗೆ ಕರೆದುಕೊಳ್ಳಿ. ರಸ್ತೆಯಿಂದ ದೂರದ ಕೋಣೆ, ಮುಚ್ಚಿದ ಕಿಟಕಿ, ಜೋರಾದ ಫ್ಯಾನು, ಟಿವಿ. ಮಂಚದ ಕೆಳಗೆ ಹೋದರೆ ಹೊರಗೆಳೆಯಬೇಡಿ. ‘ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ’ ಎನ್ನುವ ಮಾತು ಸುಳ್ಳು, ಪಕ್ಕದಲ್ಲಿ ಕೂತು ಮೈ ಸವರಿ. ನಿಮ್ಮ ಫೋನ್ ನಂಬರ್ ಬರೆದ ಬೆಲ್ಟು ಆ ಮೂರು ದಿನ ಕತ್ತಿನಲ್ಲೇ ಇರಲಿ. ಹೆದರಿ ಗೇಟು ಹಾರಿ ಕಳೆದುಹೋಗುವ ನಾಯಿಗಳು ಈ ಹಬ್ಬದಲ್ಲಿ ಕಡಿಮೆಯಲ್ಲ. ನಡುಗಿ ಜೊಲ್ಲು ಸುರಿಸುವಷ್ಟು ಭಯವಿದ್ದರೆ ಹಬ್ಬಕ್ಕೆ ಎರಡು ವಾರ ಮೊದಲೇ ಪಶುವೈದ್ಯರನ್ನು ಕಾಣಿ, ಅದಕ್ಕೆ ಔಷಧಿ ಇದೆ.

ಮಾರನೇ ದಿನ ಬೆಳಿಗ್ಗೆ ಮರಿಯನ್ನು ಹೊರಗೆ ಬಿಡುವ ಮೊದಲು ಅಂಗಳ, ಗೇಟಿನ ಮುಂದು ಎರಡನ್ನೂ ಗುಡಿಸಿ. ಸುಟ್ಟ ಪಟಾಕಿಯ ಚೂರು, ಸುರುಸುರುಬತ್ತಿಯ ಕಡ್ಡಿ ಒಂದೂ ಉಳಿಯದಿರಲಿ. ಅವುಗಳ ಮದ್ದು ಹೊಟ್ಟೆಗೆ ಹೋದರೆ ವಿಷ, ಮರಿಗೆ ಮಾತ್ರ ಅದೂ ಒಂದು ಆಟಿಕೆಯೇ.